ಪದಚರ್ಚೆ: ‘ಸುಳಿವು ಬಿಟ್ಟುಕೊಡಬೇಡಿ’ ಎನ್ನಬಹುದೇ?

ಯಲಹಂಕದಲ್ಲಿ ವಾಯುನೆಲೆಗೆ ಹತ್ತಿರದ ಅಪಾರ್ಟ್‌ಮೆಂಟು ನಮ್ಮದು. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಹೊತ್ತಿಗೆ, ಸಂಘದವರು ಲಿಫ್ಟಿನ ಪಕ್ಕ ಅಂಟಿಸಲು ಇಂಗ್ಲಿಷಿನ ಒಂದು ಸೂಚನೆ ಕೊಟ್ಟು ಕನ್ನಡ ಮಾಡಿಕೊಡಿ ಎಂದರು. ತಾರಸಿಯಿಂದ ವಿಮಾನದ ವಿಡಿಯೊ ತೆಗೆದು ವಾಟ್ಸ್‌ಆ್ಯಪಿಗೆ ಹಾಕಬೇಡಿ, ಸೈನ್ಯದಲ್ಲಿರುವ ಮಗನೋ ಅಳಿಯನೋ ಈಗ ಯಾವ ಗಡಿಯಲ್ಲಿದ್ದಾನೆಂದು ಹೇಳಿಕೊಂಡು ತಿರುಗಬೇಡಿ ಎಂಬುದು ತಿರುಳು. ನಾನು ‘ಸೂಕ್ಷ್ಮ ಸೇನಾ ಮಾಹಿತಿಯ ಗೋಪ್ಯತೆ ಕಾಪಾಡಿ’ ಎಂದು ಬರೆದೆ. ವಾಚ್‌ಮನ್ ಓದಿ, “ನಮ್ಗ್ಯಾವ ಗುಟ್ಟು ಗೊತ್ತೈತೆ ಸಾರ್?” ಅಂದ.

ಅವನು ಹೇಳಿದ್ದು ಸರಿ. ‘ಸೂಕ್ಷ್ಮ’ ಚುನಾವಣೆ ಬಂದಾಗ ಮತಗಟ್ಟೆಗೆ ಹೊಂದುತ್ತದೆ. ಮಾಹಿತಿಗೆ ಸೇರಿಸಿದರೆ ಚಿಕ್ಕದೋ, ನಾಜೂಕೋ ತಿಳಿಯದು. ಗೋಪ್ಯ, ರಹಸ್ಯ, ಗುಟ್ಟು ಮೂರೂ ಮುಚ್ಚಿಟ್ಟ ವಸ್ತುವಿನ ಮಾತು. ಆಕಾಶದಲ್ಲಿ ಹೋದ ವಿಮಾನವನ್ನು ಊರೇ ನೋಡಿರುತ್ತದೆ, ಅದರಲ್ಲಿ ಗುಟ್ಟೇನು? ಅಪಾಯವಿರುವುದು ಯಾವಾಗ, ಎತ್ತ, ಎಷ್ಟು ಎಂಬುದನ್ನು ಬೇರೆಯವನು ಕೂಡಿಸಿಕೊಳ್ಳುವುದರಲ್ಲಿ. 2025ರ ಏಪ್ರಿಲ್ 26ರಂದು ಕೇಂದ್ರ ಸರ್ಕಾರ ಮಾಧ್ಯಮಗಳಿಗೆ ಬೇಡವೆಂದದ್ದೂ ಪಡೆಗಳ ಚಲನವಲನದ ನೇರಪ್ರಸಾರವನ್ನೇ.

ಅದಕ್ಕೇ ನನಗೆ ‘ಸುಳಿವು’ ಹಿಡಿಸಿತು. ಸುಳಿ ಎಂದರೆ ಓಡಾಡು. ‘ಅತ್ತ ಸುಳಿಯಲೇ ಇಲ್ಲ’ ಎನ್ನುತ್ತೇವಲ್ಲ. ಓಡಾಟವೂ ಅದೇ, ಓಡಾಟದ ಜಾಡೂ ಅದೇ. ಚಲನವಲನ ಎಂಬ ಉದ್ದನೆಯ ಪದ ಹೇಳಲಾರದ್ದನ್ನು ಈ ಮೂರಕ್ಷರ ಹೇಳುತ್ತದೆ. ‘ಸೇನೆಯ ಸುಳಿವು ಬಿಟ್ಟುಕೊಡಬೇಡಿ’ ಎಂದು ತಿದ್ದಿದೆ.

ಆಮೇಲೆ ಅನುಮಾನ ಬಂತು. ‘ಸುಳಿವು ಕೊಟ್ಟವರಿಗೆ ಬಹುಮಾನ’ ಎಂದು ಪೊಲೀಸರೇ ಹಾಕುತ್ತಾರೆ. ಅಲ್ಲಿ ಸುಳಿವು ಕೊಡುವುದು ಒಳ್ಳೆಯ ಕೆಲಸ. ‘ಕೊಡು’ ಬದಲು ‘ಬಿಟ್ಟುಕೊಡು’ ಎಂದರೆ ಆ ದೋಷ ಹೋಗುತ್ತದೆಯೇ? ನನ್ನ ಕಿವಿಗೆ ಹೋಗುತ್ತದೆ. ಹಳೆ ಮೈಸೂರಿನ ಕಿವಿ ಇದು. ಧಾರವಾಡ, ಕಲಬುರಗಿ, ಮಂಗಳೂರಿನವರು ಹೇಳಬೇಕು.

ಎರಡನೆಯ ಪ್ರಶ್ನೆ ಇನ್ನೂ ತೊಡಕು: ಸುಳಿವು ಬಿಟ್ಟುಕೊಡದವನನ್ನು ಏನೆನ್ನಬೇಕು? 1940ರಲ್ಲಿ ಬ್ರಿಟನ್ನಿನಲ್ಲಿ ಎಚ್ಚರಗೇಡಿ ಮಾತು ಜೀವ ತೆಗೆಯುತ್ತದೆ ಎಂಬರ್ಥದ ಭಿತ್ತಿಪತ್ರಗಳು ಬಂದವು. ಒಂದರಲ್ಲಿ ಗೋಡೆಯ ಕಾಗದದ ತುಂಬ ಹಿಟ್ಲರನ ಮುಖ (ನಮ್ಮ ‘ಗೋಡೆಗೂ ಕಿವಿ ಇದೆ’ಗೆ ಯಾರೋ ಚಿತ್ರ ಬರೆದಂತೆ). ಹಾಗೆ ಮಾತಾಡುವವನಿಗೆ ಕನ್ನಡದಲ್ಲಿ ಬಾಯಿಬಡಕ, ಹರಕುಬಾಯಿ ಎಂದು ಧಾರಾಳ ಪದಗಳಿವೆ. ತಿಳಿದೂ ತುಟಿಪಿಟಕ್ಕೆನ್ನದವನಿಗೆ? ‘ವಿವೇಚನೆ’ ಎಂದರೆ ಯೋಚನೆಯೇ ಹೊರತು ಬಾಯಿಯ ಹಿಡಿತವಲ್ಲ. ‘ಗುಟ್ಟಿನ ಮನುಷ್ಯ’ ಎಂದರೆ ಅವನ ಮೇಲೇ ಸಂಶಯ. ‘ಮುಗುಮ್ಮಾಗಿರು’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಮುನಿಸಿನ ವಾಸನೆಯಿದೆ. ನಿಮ್ಮ ಮನೆಗಳಲ್ಲಿ ಇಂಥವರನ್ನು ಏನೆಂದು ಕರೆಯುತ್ತಾರೆ?