ಹಾಜರಾತಿಗೆ ಕ್ಯಾಮೆರಾ: ಉದಯಪುರದ ಪ್ರಯೋಗ

ಪ್ರಶ್ನೆ: ಶಿಕ್ಷಕರ ಹಾಜರಾತಿ ಹೆಚ್ಚಿಸುವ ಕ್ರಮವನ್ನು ಪರೀಕ್ಷಿಸಲು ಶಾಲೆಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿಯೇ ಆರಿಸಬೇಕೇಕೆ?

ಉತ್ತರ: ರಾಜಸ್ಥಾನದ ಉದಯಪುರ ಜಿಲ್ಲೆಯ ಏಕೋಪಾಧ್ಯಾಯ ಶಾಲೆಗಳಲ್ಲಿ ಸೇವಾ ಮಂದಿರ ಸಂಸ್ಥೆಯು 2003ರಲ್ಲಿ ಹೀಗೆಯೇ ಆರಿಸಿತು. ಆಯ್ಕೆಯಾದ ಶಾಲೆಗಳಲ್ಲಿ ಪ್ರತಿದಿನ ಆರಂಭದಲ್ಲೂ ಕೊನೆಯಲ್ಲೂ ವಿದ್ಯಾರ್ಥಿಯೊಬ್ಬರು, ದಿನಾಂಕ ಮತ್ತು ಸಮಯ ಅಚ್ಚಾಗುವ ಕ್ಯಾಮೆರಾದಿಂದ ಶಿಕ್ಷಕರ ಫೋಟೊ ತೆಗೆಯುತ್ತಿದ್ದರು. ಸಂಬಳವೂ ಹಾಜರಾದ ದಿನಗಳನ್ನು ಅವಲಂಬಿಸಿತ್ತು. ಉಳಿದ ಶಾಲೆಗಳಲ್ಲಿ ಗೈರುಹಾಜರಿ ಶೇ 42ರಷ್ಟಿದ್ದರೆ, ಇಲ್ಲಿ ಶೇ 21ಕ್ಕೆ ಇಳಿದಿತ್ತು. ಉತ್ಸಾಹಿ ಶಾಲೆಗಳನ್ನೇ ಆರಿಸಿದ್ದರೆ, ಈ ಫಲ ಕ್ಯಾಮೆರಾದ್ದೋ ಉತ್ಸಾಹದ್ದೋ ತಿಳಿಯುತ್ತಿರಲಿಲ್ಲ.

ಇನ್ನೊಂದು ಉತ್ತರ: ಈ ಕ್ಯಾಮೆರಾ ಪ್ರಯೋಗದ ಫಲಿತಾಂಶವನ್ನು ಎಲ್ಲೆಡೆ ಹಾಗೆಯೇ ಅನ್ವಯಿಸಬಾರದೆಂಬುದು ನನ್ನ ದೃಢ ಅಭಿಪ್ರಾಯ. ಅದೇ ಜಿಲ್ಲೆಯಲ್ಲಿ ಸರ್ಕಾರಿ ನರ್ಸ್‌ಗಳಿಗೆ ಇಂಥದೇ ಕ್ರಮ ತಂದಾಗ ಮೊದಲ ತಿಂಗಳುಗಳಲ್ಲಿ ಹಾಜರಾತಿ ಏರಿತು. ಆದರೆ ಆಡಳಿತವೇ ವಿನಾಯಿತಿಗಳನ್ನು ಕೊಡುತ್ತಾ ಹೋದದ್ದರಿಂದ 16 ತಿಂಗಳಾಗುವಷ್ಟರಲ್ಲಿ ಆ ಫಲ ಕರಗಿಹೋಯಿತು.

ಪ್ರಶ್ನೆ ಕೇಳಿದವರು: ಹಾಗಾದರೆ ವಿನಾಯಿತಿ ಕೊಡುವ ಅಧಿಕಾರ ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ಪ್ರಯೋಗಕ್ಕೆ ಮೊದಲೇ ನಿರ್ಧರಿಸಬೇಕು. ಧನ್ಯವಾದಗಳು.