ಇಂಗ್ಲಿಷ್ ಪ್ರಬಂಧದಲ್ಲಿ ‘ನನ್ನ ಪ್ರಕಾರ’ ಅಂತ ಹೇಗೆ ಬರೆಯಬೇಕು? ಅನುಭವ ಇದ್ದವರು ಹೇಳಿ

ಬದಿಯಡ್ಕದ ನರ್ಸ್: ಹತ್ತರವರೆಗೆ ಕನ್ನಡ ಮೀಡಿಯಂ. ಯು.ಕೆ.ಗೆ ಹೋಗಲು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುತ್ತಿದ್ದೇನೆ. ಪ್ರಬಂಧದಲ್ಲಿ ‘ಅಕಾರ್ಡಿಂಗ್ ಟು ಮಿ’ ಅಂತ ಬರೆದರೆ ಕೋಚಿಂಗಿನವರು ಕೆಂಪು ಗೆರೆ ಎಳೆಯುತ್ತಾರೆ, ಕಾರಣ ಹೇಳುವುದಿಲ್ಲ. ಮತ್ತೇನು ಬರೆಯಲಿ?

ಪೆರ್ಲದವಳು: ತಂಗೀ, ನಾನು ಮೂರು ಸಲ ಬರೆದವಳು. ನರ್ಸುಗಳಿಗೆ ರೈಟಿಂಗಿನಲ್ಲಿ 6.5 ಬೇಕಲ್ವಾ, ಮೊದಲ ಎರಡು ಸಲವೂ 6ಕ್ಕೆ ನಿಂತಿತು. ಒಂದೊಂದು ಸಲಕ್ಕೆ ಫೀಸೇ 16,000 ದಾಟಿತು. ಹಿಂದಿನ ದಿನವೇ ಮಂಗಳೂರಿಗೆ ಹೋಗಿ ಲಾಡ್ಜಿಗೆ 900. ಎರಡು ದಿನದ ಸಂಬಳ ಕಟ್. ಎರಡನೇ ಫೀಸಿಗೆ ಅಮ್ಮನ ಬಳೆ ಅಡವಿಟ್ಟೆವು. ಆಮೇಲೆ ನಾನು ಪ್ರಾಕ್ಟೀಸಿಗೆ ಬರೆದ ಹಳೇ ಪ್ರಬಂಧ ತೆಗೆದು ನೋಡಿದೆ. 250 ಶಬ್ದದಲ್ಲಿ ಐದು ಕಡೆ ‘ಇನ್ ಮೈ ಒಪಿನಿಯನ್, ಐ ಥಿಂಕ್’! ಎರಡೂ ಒಂದೇ ಮಾತು. ಮೂರನೇ ಸಲ ಶುರುವಿಗೆ ಒಮ್ಮೆ ‘ಐ ಬಿಲೀವ್’, ಕೊನೆಗೆ ಒಮ್ಮೆ ‘ಇನ್ ಮೈ ವ್ಯೂ’. ನಡುವೆ ಬರೀ ಕಾರಣ, ಉದಾಹರಣೆ. 7 ಬಂತು.

ಕುಂಬಳೆ ಮಾಷ್ಟ್ರು: ‘ಐ’ ಬರಲೇಬಾರದು. 22 ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ‘ಇಟ್ ಕ್ಯಾನ್ ಬಿ ಆರ್ಗ್ಯೂಡ್ ದಟ್’ ಅಂತ ಬರೆಯಬೇಕು. ನನ್ನ ಎಂ.ಎ. ಪ್ರಬಂಧದಲ್ಲಿ ‘ಐ ಫೀಲ್’ ಇದ್ದ ಹನ್ನೊಂದು ಪುಟವನ್ನು ಗೈಡ್ ಮತ್ತೆ ಟೈಪ್ ಮಾಡಿಸಿದರು. ಪುಟಕ್ಕೆ 8 ರೂಪಾಯಿ. ಆ ತಿಂಗಳು ಮೆಸ್ಸಿನ ಬಾಕಿ ಕಟ್ಟಲು ಆಗಲಿಲ್ಲ.

ಪೆರ್ಲದವಳು: ಮಾಷ್ಟ್ರೇ, ಪ್ರಶ್ನೆಯಲ್ಲೇ ‘ಡು ಯು ಅಗ್ರೀ’ ಅಂತ ಇರುತ್ತದೆ. ನೀನು ಏನು ಹೇಳ್ತಿ ಅಂತ ಕೇಳಿದರೆ ‘ಹೀಗೂ ವಾದಿಸಬಹುದು’ ಅನ್ನುವುದಾ? ಮೊದಲ ಸಲ ಹಾಗೇ ಬರೆದು ಸೋತವಳು ನಾನು.

ಕುಂಬಳೆ ಮಾಷ್ಟ್ರು: ಹಣ ಹೋದ ಸಿಟ್ಟು ನನ್ನ ಮೇಲೆ ಬೇಡಮ್ಮ.

ಉಪ್ಪಳ–ದುಬೈ: ಕೇಳಿದ್ದಕ್ಕೆ ಕಾರಣ ಯಾರೂ ಹೇಳಲಿಲ್ಲ. ‘ಅಕಾರ್ಡಿಂಗ್ ಟು’ ಬೇರೆಯವರ ಮಾತಿಗೆ, ವರದಿಗೆ. ಡಾಕ್ಟರ ಪ್ರಕಾರ, ಪೇಪರಿನ ಪ್ರಕಾರ, ಹಾಗೆ. ಕನ್ನಡದಲ್ಲಿ ‘ನನ್ನ ಪ್ರಕಾರ’ ನಡೆಯುತ್ತದೆ, ಅಲ್ಲಿ ಇಲ್ಲ. ನಾನು ಮ್ಯಾನೇಜರಿಗೆ ‘ಆಸ್ ಪರ್ ಮೈ ಒಪಿನಿಯನ್, ದಿಸ್ ಇಸ್ ರಾಂಗ್’ ಅಂತ ಮೇಲ್ ಹಾಕಿದ್ದೆ. ‘ಆಸ್ ಪರ್’ ಏನಿದ್ದರೂ ರೂಲಿಗೆ, ಕಾಂಟ್ರ್ಯಾಕ್ಟಿಗೆ. ಎಲ್ಲರ ಎದುರು ಓದಿ ತೋರಿಸಿದರು. ಆ ವರ್ಷ ಇನ್‌ಕ್ರಿಮೆಂಟ್ ಇಲ್ಲ. ಈಗ ‘ಇಟ್ ಸೀಮ್ಸ್ ಟು ಮಿ’ ಅಂತಲೇ ಶುರು ಮಾಡುತ್ತೇನೆ. ಕನ್ನಡ ಮೀಡಿಯಂ ಆದರೆ ಇದೇ ಪಾಡು. ನನ್ನ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೇ ಹಾಕಿದೆ.

ಮುಳ್ಳೇರಿಯದವ: ಮೀಡಿಯಂ ಏನು ಮಾಡಿತು? ನನ್ನ ಮಗಳು ಕನ್ನಡ ಮೀಡಿಯಂ, ಈಗ ಇಂಗ್ಲಿಷಿನಲ್ಲೇ ಪಿಎಚ್.ಡಿ. ಬರೆಯುತ್ತಿದ್ದಾಳೆ. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ನಮ್ಮ ಹಿರಿಯರು ಈ ಕನ್ನಡ ಶಾಲೆಗಳನ್ನು ಉಳಿಸಿಕೊಂಡದ್ದು ಸುಮ್ನೆ ಅಲ್ಲ. ನಮ್ಮೂರ ಶಾಲೆಗೆ ಈ ವರ್ಷ ಒಂದನೇ ಕ್ಲಾಸಿಗೆ ಬಂದದ್ದು ನಾಲ್ಕೇ ಮಕ್ಕಳು.

ಉಪ್ಪಳ–ದುಬೈ: ಅದಕ್ಕೆ ನನ್ನ ಮಕ್ಕಳೇ ಬೇಕಾ?

ಮುಳ್ಳೇರಿಯದವ: ಹೌದು, ನಿಮ್ಮ ಮಕ್ಕಳೇ ಬೇಕು. ಮತ್ತೆ ಯಾರ ಮಕ್ಕಳು ಬರಬೇಕು?

ಬದಿಯಡ್ಕದ ನರ್ಸ್: ‘ಐ ಆಮ್ ಅಗ್ರೀ’ ಸರಿಯಾ?

ಕುಂಬಳೆ ಮಾಷ್ಟ್ರು: ತಪ್ಪು. ‘ಐ ಅಗ್ರೀ’ ಅಷ್ಟೇ, ‘ಆಮ್’ ಬೇಡ. ಪರೀಕ್ಷೆಗೆ ‘ಐ’ ಹಾಕಮ್ಮ. ಎಂ.ಎ. ಪ್ರಬಂಧಕ್ಕೆ ನಾನು ಹೇಳಿದ್ದೇ.