ಪೀನಟ್ ಬಟರ್ ಯಾವುದು ತರ್ತೀರಿ? ಕ್ರೀಮಿನಾ, ಕ್ರಂಚಿನಾ, ಮನೆಯದ್ದಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಈಗ ಮೂರೂ ಜನ ಪೀನಟ್ ಬಟರ್ ತಿನ್ನುತ್ತೇವೆ, ಮೂವರದ್ದೂ ಬೇರೆ ಬೇರೆ ದಾರಿ. ಯಜಮಾನರು ಜಿಮ್ ಶುರು ಮಾಡಿದ್ದಾರೆ, ಸಕ್ಕರೆ ಬೇಡವಂತೆ. ಮಗಳಿಗೆ ಸಿಹಿ ಇಲ್ಲದಿದ್ದರೆ ಟಿಫಿನ್ ಡಬ್ಬಿ ಹಾಗೇ ವಾಪಸ್ ಬರುತ್ತದೆ. ನನಗೆ ಚಪಾತಿ, ದೋಸೆಗೆ ಹಚ್ಚಿಕೊಳ್ಳಲು ಆದರೆ ಸಾಕು. ಅಂಗಡಿಯಲ್ಲಿ ಕ್ರೀಮಿ, ಕ್ರಂಚಿ, ನ್ಯಾಚುರಲ್, ಹೈ ಪ್ರೋಟೀನ್, ಚಾಕೊಲೇಟ್ ಅಂತ ಒಂದು ಸಾಲೇ ಇದೆ. ನೀವು ಯಾವುದು ತರುತ್ತೀರಿ, ಯಾಕೆ? ಮನೆಯಲ್ಲಿ ಮಾಡಿದರೆ ಚೆನ್ನಾಗಿ ಬರುತ್ತದಾ?

*

ಒಂದೇ ಡಬ್ಬಿಯಲ್ಲಿ ಮೂವರನ್ನೂ ಸಮಾಧಾನ ಮಾಡಲು ಹೋಗಬೇಡಿ, ಆಗಲ್ಲ. ಎರಡು ತನ್ನಿ, ಎರಡೂ ಚಿಕ್ಕದು.

ಡಬ್ಬಿಯ ಮುಂದೆ ಏನು ಬರೆದಿದೆ ಅನ್ನೋದನ್ನು ಬಿಟ್ಟು ತಿರುಗಿಸಿ ಹಿಂದೆ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದರ ತೂಕ ಜಾಸ್ತಿಯೋ ಅದು ಮೊದಲು ಬರುತ್ತದೆ. ಹುರಿದ ಕಡಲೆಬೀಜ ಅಂತ ಒಂದೇ ಹೆಸರಿದ್ದರೆ ಅದು ಯಜಮಾನರದ್ದು. ಕಡಲೆಬೀಜ, ಸಕ್ಕರೆ, ಎಣ್ಣೆ, ಉಪ್ಪು ಅಂತಿದ್ದರೆ ಮಗಳದ್ದು. ನಾನು ತರೋದು ಪಿಂಟೋಲಾ ಆಲ್ ನ್ಯಾಚುರಲ್, ಅದರಲ್ಲೂ ಕ್ರಂಚಿ. ಉಪ್ಪೂ ಇಲ್ಲ, ಸಿಹಿಯೂ ಇಲ್ಲ, ಬರೀ ಬೀಜ. ಮೊದಲ ಸಲ ಬಾಯಿಗಿಟ್ಟವರು ಮುಖ ಕಿವುಚುತ್ತಾರೆ. ಒಂದು ಚಿಟಿಕೆ ಉಪ್ಪು ಉದುರಿಸಿ ಬಾಳೆಹಣ್ಣಿನ ಜೊತೆ ಕೊಡಿ, ಆಮೇಲೆ ಮಾತಾಡಲ್ಲ.

ಇಂಥ ಡಬ್ಬಿ ತೆರೆದಾಗ ಮೇಲೆ ಎಣ್ಣೆ ನಿಂತಿರುತ್ತದೆ. ಕೆಟ್ಟಿದೆ ಅಂತ ಎಷ್ಟೋ ಜನ ವಾಪಸ್ ಕಳಿಸುತ್ತಾರೆ. ಅದು ಕಡಲೆಕಾಯಿಯದ್ದೇ ಎಣ್ಣೆ, ಹಿಡಿದಿಡಲು ಏನೂ ಹಾಕಿಲ್ಲ, ಅದಕ್ಕೇ ಮೇಲೆ ಬಂದಿದೆ, ಅಷ್ಟೇ. ಅದನ್ನು ಮಾತ್ರ ಚೆಲ್ಲಬೇಡಿ. ಚೆಲ್ಲಿದರೆ ತಳದಲ್ಲಿ ಉಳಿಯೋದು ಒಣಗಿದ ಗಟ್ಟಿ ಮುದ್ದೆ, ಚಮಚ ಬಾಗುತ್ತದೆ ಹೊರತು ಅದು ಏಳಲ್ಲ. ತೆರೆಯುವ ಹಿಂದಿನ ರಾತ್ರಿ ಡಬ್ಬಿಯನ್ನು ತಲೆಕೆಳಗಾಗಿ ಇಡಿ. ಬೆಳಿಗ್ಗೆ ತೆರೆದು, ಉದ್ದ ಚಮಚದ ಹಿಡಿ ಕಡೆಯಿಂದ ತಳಕ್ಕೆ ಚುಚ್ಚಿ ಚುಚ್ಚಿ ಮೇಲೆತ್ತಿ, ನಿಧಾನಕ್ಕೆ ಕಲಸಿ. ಪೂರ್ತಿ ಕಲೆತ ಮೇಲೆ ಫ್ರಿಜ್‌ಗೆ ಹಾಕಿದರೆ ಮತ್ತೆ ಬೇರೆಯಾಗಲ್ಲ. ಸ್ವಲ್ಪ ಗಟ್ಟಿಯಾಗುತ್ತದೆ ನಿಜ, ಬಿಸಿ ಚಪಾತಿ ಮೇಲೆ ಇಟ್ಟರೆ ತಾನೇ ಕರಗುತ್ತದೆ.

*

ನಾನು ಕ್ರೀಮಿ ಪಕ್ಷ. ಬ್ರೆಡ್ ಹರಿಯದೆ ಹಚ್ಚಬೇಕು ಅಂದರೆ ಕ್ರೀಮಿನೇ. ಸಂಡ್ರಾಪ್ ಕ್ರೀಮಿ ನಮ್ಮ ಮನೆಗೆ ಮಾಮೂಲಿ, ಮಕ್ಕಳು ಕೇಳಿ ತಿನ್ನುತ್ತಾರೆ. ಸಕ್ಕರೆ ಇದೆ ಅಂತ ಗೊತ್ತು, ಜಾಮ್‌ಗಿಂತ ವಾಸಿ ಅಲ್ವಾ? ಚಾಕೊಲೇಟ್ ಪೀನಟ್ ಬಟರ್ ಮಾತ್ರ ತರಬೇಡಿ. ಒಂದು ಸಲ ಅದರ ರುಚಿ ಹತ್ತಿದರೆ ಸಾದಾ ಡಬ್ಬಿ ಕಡೆ ಮಕ್ಕಳು ತಿರುಗಿ ನೋಡಲ್ಲ.

*

ಹುಬ್ಬಳ್ಳಿ ಕಡೆಯವಳು ನಾನು. ದಿನಾ ರೊಟ್ಟಿಗೆ ಶೇಂಗಾ ಹಿಂಡಿ (ಚಟ್ನಿಪುಡಿ) ತಿನ್ನುವವರಿಗೆ ಶೇಂಗಾ ಹುರಿಯೋದು ಹೊಸದಲ್ಲ, ಹಾಗಾಗಿ ನಾನು ಡಬ್ಬಿ ತರಲ್ಲ. ಕೈಗೆಟಕುವ ಕೆಲಸ ಇದು, ಖರ್ಚೂ ಕಡಿಮೆ. ಸಹನೆ ಬೇಕು, ಅದೂ ಮಿಕ್ಸಿ ಹತ್ತಿರ ಮಾತ್ರ.

ಮೊದಲು ಬೀಜ ಆರಿಸಿ. ಮುದುಡಿದ್ದು, ಕಪ್ಪಾಗಿದ್ದು, ಬೂಷ್ಟು ಹಿಡಿದದ್ದು ಒಂದೂ ಹೋಗಬಾರದು. ರುಚಿ ಕೆಡೋದು ಒಂದು ಕಡೆ, ಬೂಷ್ಟಿನಿಂದ ಅಫ್ಲಟಾಕ್ಸಿನ್ ಅನ್ನುವ ವಿಷ ಬರುತ್ತದೆ, ಹುರಿದರೂ ಪೂರ್ತಿ ಹೋಗಲ್ಲ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ, ಅವಸರ ಮಾಡಿದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಬಟ್ಟೆಯಲ್ಲಿ ಹಾಕಿ ಉಜ್ಜಿ ಸಿಪ್ಪೆ ತೆಗೆದು, ಬೆಚ್ಚಗಿರುವಾಗಲೇ ರುಬ್ಬಿ. ಮೊದಲು ಹಿಂಡಿಯ ಹಾಗೆ ಪುಡಿ ಆಗುತ್ತದೆ. ಆಮೇಲೆ ಜಾರಿನ ಗೋಡೆಗೆ ಅಂಟಿ ಕೂರುತ್ತದೆ, ಕೆರೆದು ಕೆರೆದು ಕೆಳಗೆ ತಳ್ಳಬೇಕು. ಆಮೇಲೆ ಒಂದು ಉಂಡೆಯಾಗಿ ಒಳಗೇ ತಿರುಗುತ್ತದೆ, ಮಿಕ್ಸಿ ಸದ್ದು ಭಾರವಾಗುತ್ತದೆ. ಇಲ್ಲೇ ಬಹಳ ಜನ ಕೈಬಿಟ್ಟು ಎಣ್ಣೆಯನ್ನೋ ನೀರನ್ನೋ ಸುರಿಯೋದು. ನೀರು ಒಂದು ಹನಿಯೂ ಬೇಡ. ಹಾಕಿದರೆ ಇನ್ನೂ ಬಿಗಿಯುತ್ತದೆ, ಬೇಗ ಕೆಡುತ್ತದೆ ಕೂಡ. ಮಿಕ್ಸಿ ನಿಲ್ಲಿಸಿ, ಜಾರು ಬಿಸಿ ಕಳೆಯಲಿ, ಮತ್ತೆ ತಿರುಗಿಸಿ. ಎಣ್ಣೆ ಬಿಟ್ಟುಕೊಂಡಾಗ ಉಂಡೆ ಒಡೆದು, ದೋಸೆ ಹಿಟ್ಟಿನ ಹಾಗೆ ಹರಿಯಲು ಶುರುವಾಗುತ್ತದೆ. ಉಪ್ಪು ಆಗ ಹಾಕಿ. ಕ್ರಂಚಿ ಬೇಕಾದವರು ಒಂದು ಹಿಡಿ ಬೀಜವನ್ನು ಮೊದಲೇ ತರಿಯಾಗಿ ಮಾಡಿ ಎತ್ತಿಟ್ಟು ಕೊನೆಗೆ ಸೇರಿಸಿ.

ಬೆಲ್ಲ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬೆಲ್ಲದಲ್ಲಿ ಪಸೆ ಇರುತ್ತದೆ, ಜೇನುತುಪ್ಪದಲ್ಲೂ ಅಷ್ಟೇ, ರುಬ್ಬುವಾಗ ಹಾಕಿದರೆ ಗಟ್ಟಿ ಕಟ್ಟುತ್ತದೆ. ಮಗಳಿಗೆ ತಿನ್ನುವ ಹೊತ್ತಿಗೆ ಬ್ರೆಡ್ ಮೇಲೆ ಹಾಕಿ ಕೊಡಿ.

*

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಇದು ನಮ್ಮ ಉಪ್ಪಿನಕಾಯಿ ಜಗಳ ಇದ್ದ ಹಾಗೆ, ಜಿಫ್, ಸ್ಕಿಪ್ಪಿ ಅಂತ ಎರಡು ಬ್ರ್ಯಾಂಡ್, ಜಿಫ್ ಮನೆಯವರು ಸ್ಕಿಪ್ಪಿ ಮುಟ್ಟಲ್ಲ. ಪೀನಟ್ ಬಟರ್ ಅಂತ ಮಾರಬೇಕಾದರೆ ಇಲ್ಲಿಯ ನಿಯಮದ ಪ್ರಕಾರ ಕನಿಷ್ಠ 90% ಕಡಲೆಬೀಜ ಇರಲೇಬೇಕು. ಹಾಗಾಗಿ ಜಗಳವೆಲ್ಲ ಉಳಿದ 10%ರಲ್ಲಿ: ಸಕ್ಕರೆ, ಉಪ್ಪು, ಎಣ್ಣೆ ಬೇರೆಯಾಗದ ಹಾಗೆ ಹಾಕುವ ಗಟ್ಟಿ ಎಣ್ಣೆ. ಎಣ್ಣೆ ಮೇಲೆ ನಿಲ್ಲದ ಹಾಗೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ ಜೋಸೆಫ್ ರೋಸ್‌ಫೀಲ್ಡ್ ಅವರೇ 1930ರ ದಶಕದಲ್ಲಿ ಸ್ಕಿಪ್ಪಿ ಶುರು ಮಾಡಿದ್ದು. ಇಲ್ಲಿ ಮುಚ್ಚಳದ ಮೇಲೆ ನ್ಯಾಚುರಲ್ ಅಂತ ಇದ್ದರೂ ನಂಬಬೇಡಿ, ಒಳಗೆ ತಾಳೆ ಎಣ್ಣೆ, ಸಕ್ಕರೆ ಎರಡೂ ಇರಬಹುದು. ನಾವು ಕಾಸ್ಟ್ಕೋ ಅಂಗಡಿಯ ಕರ್ಕ್‌ಲ್ಯಾಂಡ್ ಆರ್ಗ್ಯಾನಿಕ್ ತರುತ್ತೇವೆ, ಬೀಜ ಮತ್ತು ಉಪ್ಪು ಎರಡೇ. ಜೋಡಿ ದೊಡ್ಡ ಡಬ್ಬಿ ಬರುತ್ತದೆ, ಇಬ್ಬರೇ ಇರುವ ಮನೆಗೆ ಜಾಸ್ತಿ. ಚಳಿಗಾಲದಲ್ಲಿ ಕಲಸೋದು ವ್ಯಾಯಾಮ.

ಇನ್ನೊಂದು ಮಾತು. ಮಗಳ ಡಬ್ಬಿಗೆ ಹಾಕುವ ಮೊದಲು ಶಾಲೆಯಲ್ಲಿ ಕೇಳಿ. ಇಲ್ಲಿ ಕಡಲೆಕಾಯಿ ಅಲರ್ಜಿ ಇರುವ ಮಕ್ಕಳಿಗಾಗಿ ಎಷ್ಟೋ ಶಾಲೆಗಳಲ್ಲಿ ಬಿಡಲ್ಲ. ಮನೆಯಲ್ಲಿ ನಾಯಿ ಇದ್ದರೆ, ಸಕ್ಕರೆ ಬದಲು ಝೈಲಿಟಾಲ್ ಹಾಕಿದ್ದು ಅದರ ಬಾಯಿಗೆ ಹೋಗಬಾರದು, ಪ್ರಾಣಕ್ಕೇ ಅಪಾಯ.

*

ಜಿಮ್ ಯಜಮಾನರಿಗೆ ಒಂದು ಮಾತು. ಪೀನಟ್ ಬಟರ್ ಅಂದರೆ ಪ್ರೋಟೀನ್ ಅಂತ ಎಲ್ಲರೂ ಡಬ್ಬಿಗೇ ಚಮಚ ಹಾಕುತ್ತಾರೆ. 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು 25 ಗ್ರಾಂ, ಕೊಬ್ಬು ಅದರ ಎರಡರಷ್ಟು, ಕ್ಯಾಲೊರಿ 600ರ ಹತ್ತಿರ. ಕೊಬ್ಬು ಒಳ್ಳೆಯದೇ, ಆದರೆ ಎರಡು ದೊಡ್ಡ ಚಮಚಕ್ಕೇ ಸುಮಾರು 190 ಕ್ಯಾಲೊರಿ. ಹೊಟ್ಟೆ ಕರಗಿಸಲು ಹೊರಟವರು ಅಳೆದು ತಿನ್ನಬೇಕು. ಹೈ ಪ್ರೋಟೀನ್ ಅಂತ ಬರುವುದರಲ್ಲಿ ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯನ್ನೋ ಮತ್ತೊಂದನ್ನೋ ಸೇರಿಸಿರುತ್ತಾರೆ. ನನಗೆ ಅದು ಬಾಯಲ್ಲಿ ಹಿಟ್ಟು ಹಿಟ್ಟಾಗಿ ಅನಿಸುತ್ತದೆ. ಆ ದುಡ್ಡಿಗೆ ಮೊಟ್ಟೆ ತಿನ್ನಿ, ಇಲ್ಲಾ ಒಂದು ಬಟ್ಟಲು ಕಾಳಿನ ಉಸ್ಲಿ.

*

ಪ್ರಶ್ನೆ ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ ಸಾದಾ ಕ್ರಂಚಿ, ಮಗಳಿಗೆ ಸಿಹಿಯದ್ದು ಚಿಕ್ಕ ಡಬ್ಬಿ, ನನ್ನದು ಮಿಕ್ಸಿಯಲ್ಲಿ. ಬಸವನಗುಡಿ ಪರಿಷೆಯಿಂದ ತಂದ ಕಡಲೆಕಾಯಿ ಇದೆ, ಅದರಲ್ಲೇ ಮಾಡಬಹುದಾ?

*

ಪರಿಷೆಯ ಹಸಿ ಕಾಯಿ ಆದರೆ ಬೇಡ, ನೀರಿನಂಶ ಜಾಸ್ತಿ. ಉಪ್ಪು ಹಾಕಿ ಬೇಯಿಸಿ ತಿನ್ನಿ. ಬಟರ್‌ಗೆ ಒಣಗಿದ ಬೀಜವೇ ತನ್ನಿ.